ಅಲಾರಾಂ ಸರ್ವರ್ ಮಾಡುವ ಕೆಲಸ

ರಮಝಾನಿನಲ್ಲಿ ಸಹ್ರಿಗೆ ಏಳಲು ಮೊಬೈಲ್‌ನಲ್ಲಿ ಅಲಾರಾಂ ಇಟ್ಟು, ಅದು ಹೊಡೆದಾಗ ಕಣ್ಣು ಮುಚ್ಚಿಕೊಂಡೇ ನಿಲ್ಲಿಸಿ ಮಲಗಿದವರು ನಮ್ಮಲ್ಲಿ ಕಡಿಮೆಯೇನಿಲ್ಲ, ನಾನೂ ಸೇರಿ. ಸದ್ದು ನಿಲ್ಲುತ್ತದೆ, ಹೊತ್ತು ನಿಲ್ಲುವುದಿಲ್ಲ. ದೊಡ್ಡ ವೈಜ್ಞಾನಿಕ ಯಂತ್ರಗಳನ್ನು ಕಾಯುವವರಿಗೂ ಇದೇ ಸಮಸ್ಯೆ.

ಕಣ ವೇಗವರ್ಧಕವೊಂದರಲ್ಲಿ ತಂಪು ನೀರಿನ ಹರಿವು, ನಿರ್ವಾತದ ಒತ್ತಡ, ಅಯಸ್ಕಾಂತಗಳ ವಿದ್ಯುತ್ ಎಂದು ಸಾವಿರಾರು ಅಳತೆಗಳು ಹಗಲೂ ರಾತ್ರಿ ಬರುತ್ತಿರುತ್ತವೆ. ಇವನ್ನು ನಿಯಂತ್ರಿಸಲು ಹಲವು ಕಡೆ ಬಳಸುವ ತಂತ್ರಾಂಶ 'ಎಪಿಕ್ಸ್'. ಅಮೆರಿಕದ ಲಾಸ್ ಅಲಾಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳಲ್ಲಿ ಬೆಳೆದ ಇದನ್ನು ಫ್ರಾನ್ಸಿನ ಐಟರ್ ಯೋಜನೆಯೂ ಕೋಲ್ಕತ್ತದ ವಿಇಸಿಸಿಯೂ ಬಳಸುತ್ತವೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಹಾಗಾಗಿ ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ನಿಜವಾದ ಪಂಪ್ ಇರಲಿಲ್ಲ. ನೀರಿನ ಉಷ್ಣಾಂಶವೆಂದು ನಾನೇ ಅಂಕಿ ಕೊಡುತ್ತಿದ್ದೆ.

ಪ್ರತಿ ಅಳತೆಗೂ ನಾಲ್ಕು ಗಡಿಗಳನ್ನು ಹಾಕಬಹುದು: ಹೈ, ಹೈಹೈ, ಲೋ, ಲೋಲೋ. ಹೈ ಎಂದರೆ 40 ಡಿಗ್ರಿ ಎಂದು ಬರೆದು, 60 ಕೊಟ್ಟೆ. ಏನೂ ಆಗಲಿಲ್ಲ! ಗಡಿ ಮೀರಿದರೆ ಅದು ಎಷ್ಟು ಗಂಭೀರ ಎಂಬುದನ್ನು ಬೇರೆಯಾಗಿ ಹೇಳಬೇಕು. ಹೇಳದಿದ್ದರೆ 'ಅಲಾರಾಂ ಇಲ್ಲ' ಎಂದೇ ಅರ್ಥ. ಅರ್ಧ ದಿನ ಅದರಲ್ಲೇ ಹೋಯಿತು.

ಸರಿಪಡಿಸಿದ ಮೇಲೆ ಇನ್ನೊಂದು ತೊಂದರೆ. ಅಳತೆ 39.9, 40.1 ಎಂದು ಅಲುಗಾಡುವಾಗ ಅಲಾರಾಂ ಬಂದು ಹೋಗಿ ಬಂದು ಹೋಗಿ ತಲೆ ಚಿಟ್ಟುಹಿಡಿಸಿತು. ಅದಕ್ಕೆ 'ಹಿಸ್ಟರಿಸಿಸ್' ಇದೆ. 2 ಎಂದು ಕೊಟ್ಟರೆ 40ಕ್ಕೆ ಎದ್ದ ಅಲಾರಾಂ 38ಕ್ಕಿಂತ ಕೆಳಗಿಳಿದ ಮೇಲಷ್ಟೇ ಮಲಗುತ್ತದೆ.

ಇವೆಲ್ಲ ಒಂದೊಂದು ಅಳತೆಯ ಮಾತು. ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವುದು 'ಅಲಾರಾಂ ಸರ್ವರ್'. ಅದರ ಮುಖ್ಯ ಕೆಲಸ ನೆನಪಿಡುವುದು. ರಾತ್ರಿ ಮೂರಕ್ಕೆ ನೀರು ಒಂದು ನಿಮಿಷ ನಿಂತು ಮತ್ತೆ ಬಂತು ಎನ್ನಿ. 'ಲ್ಯಾಚ್' ಹಾಕಿದ್ದರೆ, ನೀರು ಸರಿಯಾದರೂ ಯಾರಾದರೂ 'ನೋಡಿದೆ' ಎಂದು ಒಪ್ಪುವವರೆಗೆ ಅಲಾರಾಂ ಪಟ್ಟಿಯಲ್ಲೇ ಇರುತ್ತದೆ. ತೊಂದರೆ ಇರುವಾಗಲೇ ಒಪ್ಪಿದರೆ ಸದ್ದು ನಿಲ್ಲುತ್ತದೆ, ಆದರೆ ಹೆಸರು ಅಳಿಸಿಹೋಗುವುದಿಲ್ಲ. 'ಮೈನರ್' ಎಂದು ಒಪ್ಪಿದ್ದು 'ಮೇಜರ್' ಆದರೆ ಮತ್ತೆ ಕೂಗುತ್ತದೆ. ಮೇಜರ್‌ಗಿಂತಲೂ ಮೇಲಿನದು 'ಇನ್‌ವ್ಯಾಲಿಡ್': ಅಳತೆಯನ್ನೇ ನಂಬುವಂತಿಲ್ಲ. ತಂತಿ ಕಡಿದಾಗ ಪರದೆಯ ಮೇಲೆ ಹಳೆಯ ಅಂಕಿ ತಣ್ಣಗೆ ಕುಳಿತಿರಬಹುದಲ್ಲ!

ಹಾಗೆಂದು ಎಲ್ಲಕ್ಕೂ ಅಲಾರಾಂ ಇಡಬಾರದು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತದ ಮೊದಲ ನಿಮಿಷಗಳಲ್ಲೇ ನೂರಕ್ಕೂ ಹೆಚ್ಚು ಅಲಾರಾಂಗಳು ಒಟ್ಟಿಗೆ ಎದ್ದವು. ಯಾವುದು ಮುಖ್ಯ ಎಂದು ತಿಳಿಯುವ ದಾರಿಯೇ ಸಿಬ್ಬಂದಿಗೆ ಇರಲಿಲ್ಲ. ತೆರೆದೇ ಉಳಿದ ಒಂದು ಕವಾಟ ಆ ಗದ್ದಲದಲ್ಲಿ ಗಂಟೆಗಳ ಕಾಲ ಗಮನಕ್ಕೆ ಬರಲಿಲ್ಲ. ಕೊನೆಗೆ ರಿಯಾಕ್ಟರಿನ ಒಳಭಾಗವೇ ಭಾಗಶಃ ಕರಗಿತು.

ಸರ್ವರಿನಲ್ಲಿ ಪ್ರತಿ ಅಲಾರಾಂ ಜೊತೆ 'ಗೈಡೆನ್ಸ್' ಬರೆಯುವ ಜಾಗವಿದೆ: ಇದು ಬಂದರೆ ಏನು ಮಾಡಬೇಕು, ಯಾರನ್ನು ಕರೆಯಬೇಕು. ನನ್ನ ಐದು ಅಲಾರಾಂಗಳಿಗೆ ಬರೆಯಲು ಕುಳಿತೆ. ಎರಡಕ್ಕೆ ಏನು ಬರೆಯಬೇಕೆಂದೇ ತೋಚಲಿಲ್ಲ. ಆ ಎರಡನ್ನೂ ತೆಗೆದುಹಾಕಿದೆ.