ಬೆಟ್ಟವೂ ಕಡಲೂ ಕಲಿಸುವ ನಾಯಕತ್ವ

ಓದತಕ್ಕ ಭಾಗಗಳು: ಆದಿಕಾಂಡ 33:12-14, ಅರಣ್ಯಕಾಂಡ 10:25, ಧರ್ಮೋಪದೇಶಕಾಂಡ 25:17-18, ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ.

ಶಾಲೆ ಕಾಲೇಜುಗಳಿಗೆ ರಜೆಯು ಸಮೀಪಿಸುವಾಗಲೆಲ್ಲಾ ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಮಾತು ಏಳುವದುಂಟು. ಯೌವನಸ್ಥರನ್ನು ಪಾಳೆಯಕ್ಕೆ ಕಳುಹಿಸಬೇಕೋ ಬೇಡವೋ, ಕಳುಹಿಸುವದಾದರೆ ಘಟ್ಟದ ಬೆಟ್ಟಗಳಿಗೋ ಕಾರವಾರ ಕುಮಟೆಗಳ ಕಡಲತೀರಕ್ಕೋ ಎಂಬದೇ ಆ ಮಾತು. ಈಗಿನವರು ಶಿಬಿರವೆನ್ನುವದನ್ನು ನಾವು ಸತ್ಯವೇದದ ರೂಢಿಯಂತೆ ಪಾಳೆಯವೆನ್ನುತ್ತೇವೆ. ಹಿರಿಯರಲ್ಲಿ ಕೆಲವರು, “ನಾಯಕತ್ವವನ್ನು ಕಲಿಸುವದಕ್ಕೆ ಹುಲಗೂರಿನ ನಮ್ಮ ದೇವಾಲಯದ ಅಂಗಳವು ಸಾಲದೋ? ಬಸ್ಸಿನ ಚಾರ್ಜು ಕೊಟ್ಟು ಕಡಲು ನೋಡಿಬರುವದು ಪಾಠವೋ ಪ್ರವಾಸವೋ?” ಎಂದು ಕೇಳುತ್ತಾರೆ. ಈ ಪ್ರಶ್ನೆಯು ನಗತಕ್ಕದ್ದಲ್ಲ. ಬಡವರ ಮನೆಯ ಹಣವೂ ಮಕ್ಕಳ ಪ್ರಾಣವೂ ಅದರಲ್ಲಿ ಅಡಕವಾಗಿರುವದರಿಂದ ಅದಕ್ಕೆ ಸರಿಯಾದ ಉತ್ತರವು ಬೇಕು.

ನಮ್ಮ ಉತ್ತರವು ಇದೇ: ಸಮನೆಲದಲ್ಲಿ ಗಟ್ಟಿಯಾಗಿ ಕೂಗುವವನು ನಾಯಕನೆಂದು ಸಾಗಬಹುದು, ಬೆಟ್ಟವಾಗಲಿ ಕಡಲಾಗಲಿ ಕೂಗಿಗೆ ಮಣಿಯುವದಿಲ್ಲ. ಹಿಂದುಳಿದವನಿಗಾಗಿ ಕಾಯುವದನ್ನು ಬೆಟ್ಟವು ಕಲಿಸುತ್ತದೆ. ಎಲ್ಲರೂ ಬೇಕೆನ್ನುವಾಗ ಬೇಡವೆನ್ನುವದನ್ನು ಕಡಲು ಕಲಿಸುತ್ತದೆ. ಇವು ಬೇರೆ ಬೇರೆ ಗುಣಗಳು. ಒಂದನ್ನು ಕಲಿತವನು ಮತ್ತೊಂದನ್ನೂ ಬಲ್ಲನೆಂದು ಎಣಿಸಕೂಡದು. ಆದಕಾರಣ ಯಾವ ನೆಲಕ್ಕೆ ಕಳುಹಿಸುತ್ತೇವೆಂಬದನ್ನು ಅರಿತು ಕಳುಹಿಸುವದು ಹಿರಿಯರ ಕೆಲಸವಾಗಿದೆ.

ಮೊದಲು ನಾವು ಇರುವ ಸ್ಥಳವನ್ನು ನೋಡೋಣ. ನಮ್ಮ ಶಿಗ್ಗಾಂವಿ ಸವಣೂರುಗಳ ಸೀಮೆಯು ಬೆಟ್ಟವೂ ಅಲ್ಲ, ತೀರವೂ ಅಲ್ಲ. ಹಾನಗಲ್ಲಿನ ಕಡೆಗೆ ನಡೆದರೆ ಭತ್ತದ ಗದ್ದೆಗಳೂ ಮಲೆನಾಡಿನ ಅಂಚೂ ಕಾಣಬರುತ್ತವೆ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿದ ವರದೆಯು ನಮ್ಮ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ ಮೂಡಣ ಸಮುದ್ರಕ್ಕೆ ಹೋಗುತ್ತಾಳೆ. ಆದರೆ ಹುಬ್ಬಳ್ಳಿ ಧಾರವಾಡಗಳ ಕಡೆಯ ಹಳ್ಳಗಳು ಬೇಡ್ತಿ ಹೊಳೆಯಾಗಿ ಕೂಡಿ, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರು ಕೆಳಕ್ಕೆ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಪಡುವಣ ಸಮುದ್ರವನ್ನು ಸೇರುತ್ತವೆ. ಅಷ್ಟು ಹತ್ತಿರದಲ್ಲಿ ನೆಲವು ಅಷ್ಟು ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವಾಗ ನಮ್ಮ ಹೊಲಗಳಿಗೆ ಸಿಕ್ಕುವದು ಅದರ ಹತ್ತರಲ್ಲಿ ಒಂದು ಪಾಲೇ. ಹೀಗಿರುವದರಿಂದ ನಮ್ಮ ಹುಡುಗರು ಬಲಶಾಲಿಗಳಾಗಿದ್ದರೂ ಘಟ್ಟದಲ್ಲಿಯೂ ತೀರದಲ್ಲಿಯೂ ಪರದೇಶಸ್ಥರೇ.

ಬಯಲಿನಲ್ಲಿ ಪಾಳೆಯವಿಳಿಯುವದು ನಮ್ಮ ಸಭೆಗಳಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನಿನವರು ಮಳೆಯಿಲ್ಲದ ತಿಂಗಳುಗಳಲ್ಲಿ ಡೇರೆಗಳೊಂದಿಗೆ ಹಳ್ಳಿಗಳನ್ನು ಸುತ್ತುತ್ತಿದ್ದರು. 1846ರಲ್ಲಿ ಅವರು ನೀಲಗಿರಿಯ ಕೇತಿಯಲ್ಲಿ ಬಡಗರ ನಡುವೆ ನೆಲೆಯೂರಿದರು. ಯೌವನಸ್ಥರನ್ನು ನಾಯಕರನ್ನಾಗಿ ಮಾಡುವದಕ್ಕೋಸ್ಕರವೇ ನೆಲವನ್ನು ಆರಿಸುವ ಪದ್ಧತಿಯು ಅದಕ್ಕಿಂತ ಈಚಿನದು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಐದೈದು ಮಂದಿಯ ನಾಲ್ಕು ತಂಡಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಹುಡುಗನೊಬ್ಬನನ್ನೇ ನಾಯಕನಾಗಿ ನೇಮಿಸಿದರು. ಶ್ರೀಮಂತರ ಶಾಲೆಯ ಹುಡುಗರೂ ಕೂಲಿಯವರ ಮಕ್ಕಳೂ ಅಲ್ಲಿ ಒಂದೇ ಡೇರೆಯಲ್ಲಿದ್ದರು. ಇತ್ರೋವನು ತನ್ನ ಅಳಿಯನಾದ ಮೋಶೆಗೆ ಹತ್ತು ಹತ್ತು ಮಂದಿಗೆ ಒಬ್ಬೊಬ್ಬ ಅಧಿಪತಿಯನ್ನು ಇಡೆಂದು ಹೇಳಿದ ಬುದ್ಧಿಯನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೆಟ್ಟವನ್ನೂ ಕಡಲನ್ನೂ ಒಟ್ಟಿಗೆ ಪಾಠಶಾಲೆಯಾಗಿ ಮಾಡಿದ್ದು 1941ರಲ್ಲಿ, ವೇಲ್ಸ್ ದೇಶದ ಅಬರ್ಡವಿಯಲ್ಲಿ. ಅದು ಯುದ್ಧಕಾಲ. ಹಡಗುಗಳು ಮುಳುಗಿದಾಗ ಬಲವಾದ ಎಳೆಯ ನಾವಿಕರು ಬೇಗನೆ ಸಾಯುತ್ತಾರೆಂದೂ ವಯಸ್ಸಾದವರೇ ತಾಳಿಕೊಂಡು ಬದುಕುತ್ತಾರೆಂದೂ ಹಡಗಿನ ಒಡೆಯನಾದ ಲಾರೆನ್ಸ್ ಹೋಲ್ಟನು ಎಣಿಸಿದನು. ಎಳೆಯರಿಗೆ ಕಡಿಮೆಯಾಗಿದ್ದದ್ದು ಮೈಬಲವಲ್ಲ, ತಾಳ್ಮೆಯೂ ಒಬ್ಬರಲ್ಲೊಬ್ಬರ ಭರವಸವೂ ಎಂದು ಅವನಿಗೆ ತೋರಿತು. ಜರ್ಮನಿಯಿಂದ ದೇಶಭ್ರಷ್ಟನಾಗಿ ಬಂದಿದ್ದ ಕುರ್ಟ್ ಹಾನ್ ಎಂಬ ಉಪಾಧ್ಯಾಯನು ಇವನ ಸಹಾಯದಿಂದ, ಒಂದು ಕಡೆ ಸಮುದ್ರವೂ ಮತ್ತೊಂದು ಕಡೆ ಪರ್ವತವೂ ಇರುವ ಆ ಊರಿನಲ್ಲಿ ಶಾಲೆಯನ್ನು ತೆರೆದನು. ರೇವು ಬಿಟ್ಟು ಹೊರಟ ಹಡಗು ಎಂಬರ್ಥದ ಔಟ್‌ವರ್ಡ್ ಬೌಂಡ್ ಎಂಬ ಹೆಸರಿನಿಂದ ಅದು ಈಗ ಅನೇಕ ದೇಶಗಳಲ್ಲಿದೆ. ಕಾರವಾರದ ತೀರವನ್ನು ಕಂಡವರಿಗೆ ಅಂಥ ನೆಲವು ನಮ್ಮಲ್ಲಿಯೂ ಇದೆಯೆಂದು ತಿಳಿಯುವದು. ಅಲ್ಲಿ ಗುಡ್ಡಗಳು ಇಳಿಯುತ್ತಾ ಬಂದು ನೀರಿನಲ್ಲಿಯೇ ಕಾಲಿಟ್ಟಿವೆ.

ಈಗ ಬೆಟ್ಟದ ಪಾಠ. ಯಾಕೋಬನು ಏಸಾವನನ್ನು ಎದುರುಗೊಂಡಾಗ, ಜೊತೆಯಲ್ಲಿ ವೇಗವಾಗಿ ನಡೆಯೋಣವೆಂದ ಅಣ್ಣನಿಗೆ ಏನೆಂದು ಉತ್ತರ ಕೊಟ್ಟನು? ಮಕ್ಕಳು ಎಳೆಯರೆಂದೂ, ಹಾಲೂಡಿಸುವ ಕುರಿದನಗಳನ್ನು ಒಂದು ದಿನ ಮಿತಿಮೀರಿ ಅಟ್ಟಿದರೂ ಸಾಯುವವೆಂದೂ, ತಾನು ಅವುಗಳ ಹೆಜ್ಜೆಗೆ ಸರಿಯಾಗಿ ಮೆಲ್ಲಗೆ ಬರುವೆನೆಂದೂ ಹೇಳಿದನು. ಗಾಡಿ ಹೂಡುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಡಿಯಲ್ಲಿ ಒಂದು ಎತ್ತು ಮಂದವಾಗಿದ್ದರೆ ಗಾಡಿಯು ಅದರ ನಡಿಗೆಯಲ್ಲಿಯೇ ಸಾಗಬೇಕು. ಆದರೆ ಇದೇ ರೈತರ ಮಕ್ಕಳು 1343 ಮೀಟರು ಎತ್ತರದ ಕೊಡಚಾದ್ರಿಯ ಬುಡದಲ್ಲಿ ನಿಂತರೆ ಓಡುವದಕ್ಕೆ ಮೊದಲು ಮಾಡುತ್ತಾರೆ! ಚೀಲ ಹೊರುವ ಬಲವು ಮೊದಲಿನ ಏರಿಗೆ ಸಾಕಾಗುತ್ತದೆ; ನಡುದಾರಿಯಲ್ಲಿ ಏದುಸಿರು, ಇಳಿಯುವಾಗ ಮೊಣಕಾಲಿನ ನಡುಕ.

ಕಾಡಿನ ದಾರಿಯು ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲ. ಮುಂದಿರುವವನಿಗೆ ಮೂರನೆಯವನ ಆಚೆ ಯಾರೂ ಕಾಣರು, ಮಂಜು ಇಳಿದರೆ ಅವನೂ ಕಾಣನು. ಆದಕಾರಣ ದಾರಿ ಬಲ್ಲವನೊಬ್ಬನು ಮುಂದೆ ಇರಲಿ. ನಾಯಕನಾದರೋ ಕಡೆಯಲ್ಲಿ ನಡೆಯತಕ್ಕದ್ದು. ಇಸ್ರಾಯೇಲ್ಯರು ಪಾಳೆಯ ಕಿತ್ತು ಹೊರಟಾಗ ದಾನ್ ಕುಲದವರು ಎಲ್ಲಾ ದಂಡುಗಳ ಹಿಂಗಾವಲಾಗಿ ನಡೆಯುತ್ತಿದ್ದರೆಂದು ಅರಣ್ಯಕಾಂಡವು ತಿಳಿಸುತ್ತದೆ. ಇದು ಹೆಮ್ಮೆಯ ಸ್ಥಾನವಲ್ಲ. ಮುಂದಿನವರ ಧೂಳನ್ನು ತಿನ್ನುವ ಸ್ಥಾನ. ಆದರೂ ಅಮಾಲೇಕ್ಯರು ಎಲ್ಲಿ ಬಿದ್ದರೆಂಬದನ್ನು ಧರ್ಮೋಪದೇಶಕಾಂಡದಲ್ಲಿ ಓದಿರಿ: ದಣಿದು ಬಳಲಿ ಹಿಂದೆ ಬಿದ್ದವರ ಮೇಲೆಯೇ. ನಮ್ಮ ದೃಷ್ಟಿಯಲ್ಲಿ ಒಬ್ಬ ಯೌವನಸ್ಥನು ಸಭೆಯ ಹಿರಿತನಕ್ಕೆ ತಕ್ಕವನೋ ಎಂದು ತಿಳಿಯಲು, ಅವನನ್ನು ಒಂದು ದಿನ ಬೆಟ್ಟದ ಸಾಲಿನಲ್ಲಿ ಕಡೆಯವನಾಗಿ ನಡೆಯಿಸಿ ನೋಡುವದಕ್ಕಿಂತ ಒಳ್ಳೇ ಪರೀಕ್ಷೆಯಿಲ್ಲ.

ಬೆಟ್ಟದಲ್ಲಿ ಕಣ್ಣಿಗೆ ಕಾಣದ ಶತ್ರುವೂ ಇದೆ. ಹಾನಗಲ್ಲು ಹಿರೇಕೆರೂರುಗಳ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡುಬಂದ ಮಂಗನ ಕಾಯಿಲೆಯು ಉಣ್ಣಿಗಳ ಕಡಿತದಿಂದ ಮನುಷ್ಯರಿಗೆ ಹತ್ತುತ್ತದೆ. ಅದು ಹೆಚ್ಚಾಗಿ ಹರಡುವದು ಡಿಸೆಂಬರಿನಿಂದ ಮೇ ತಿಂಗಳ ವರೆಗೆ, ಅಂದರೆ ಪಾಳೆಯಗಳು ನಡೆಯುವ ಕಾಲದಲ್ಲಿಯೇ. ಪಾಳೆಯವು ಯಾವ ಕಾಡಿನ ಬಳಿ ಎಂಬದನ್ನು ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಮೊದಲೇ ವಿಚಾರಿಸಬೇಕು. ತುಂಬು ತೋಳಿನ ಅಂಗಿ ಹಾಕಿಸಬೇಕು. ತರಗೆಲೆಯ ಮೇಲೆ ಕುಳಿತುಕೊಳ್ಳಗೊಡಿಸಕೂಡದು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಇಲಾಖೆಗೆ ತಿಳಿಸಬೇಕು. ಊರಿಗೆ ಬಂದ ಮೇಲೆ ಯಾರಿಗಾದರೂ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವೆಂಬದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಯಾವ ಶಿಖರಕ್ಕೂ ಹೊರಡಬೇಡಿರಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನರು ಸಾವಿರಾರಾಗಿ ನುಗ್ಗಿದ ಮೇಲೆ ಸರ್ಕಾರವು ಚಾರಣಗಳನ್ನು ಕೆಲಕಾಲ ತಡೆದು, ಮುಂಚಿತವಾಗಿ ಹೆಸರು ಬರೆಯಿಸಿ ಚೀಟಿ ಪಡೆಯುವ ಏರ್ಪಾಡನ್ನು ಮಾಡಿತು. ಅದು ನ್ಯಾಯವಾದದ್ದೇ.

ಕಡಲಿನ ಪಾಠವು ಇದಕ್ಕಿಂತ ಕಠಿಣ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ತೀರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ಶಾಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಅವರೂ ನಮ್ಮ ಮಕ್ಕಳ ಹಾಗೆಯೇ ಬಯಲುಸೀಮೆಯ ಮಕ್ಕಳು. ಆ ವಾರ್ತೆಯನ್ನು ಓದಿದ ತಂದೆತಾಯಿಗಳು ಪಾಳೆಯದ ಹೆಸರೆತ್ತಿದರೆ ಹಿಂಜರಿಯುವದು ಸಹಜವೇ. ಅವರಿಗೆ ನಂಬಿಕೆ ಸಾಲದೆಂದು ಗದರಿಸುವದು ಕ್ರೂರತನ.

ಬಾವಿಯಲ್ಲಿಯೂ ಕೆರೆಯಲ್ಲಿಯೂ ಈಜು ಕಲಿತವನು ಕಡಲನ್ನು ಕಂಡು ಹಿಗ್ಗುತ್ತಾನೆ. ಕೆರೆಯ ನೀರು ನಿಂತ ನೀರು. ಕಡಲಿನದು ನಡೆಯುವ ನೀರು. ತೆರೆಗಳು ದಡಕ್ಕೆ ತಂದೊಟ್ಟಿದ ನೀರೆಲ್ಲಾ ಹಿಂದಕ್ಕೆ ಹೋಗಬೇಕಲ್ಲವೇ? ಅದು ಕೆಲವೆಡೆ ಹಳ್ಳದಂತೆ ಒಂದೇ ಕಾಲುವೆ ಹಿಡಿದು ಬಲವಾದ ಸೆಳವಾಗಿ ಹರಿಯುತ್ತದೆ. ಆ ಕಾಲುವೆಯಲ್ಲಿ ತೆರೆಗಳು ಅಷ್ಟಾಗಿ ಒಡೆಯುವದಿಲ್ಲ. ಆದದರಿಂದ ಅರಿಯದವನು ಎರಡು ಕಡೆಯ ನೊರೆಯನ್ನು ಬಿಟ್ಟು, ಶಾಂತವಾಗಿ ಕಾಣುವ ಆ ಸ್ಥಳವನ್ನೇ ಆರಿಸಿಕೊಂಡು ಇಳಿಯುತ್ತಾನೆ. ಸೆಳವಿಗೆ ಸಿಕ್ಕಿದವನು ದಡಕ್ಕೆ ನೇರವಾಗಿ ಈಜಿದರೆ ಸೋತುಹೋಗುವನು. ಅವನು ಹೆದರದೆ ತೇಲುತ್ತಾ, ಕೈಯೆತ್ತಿ ಕೂಗುತ್ತಾ, ಶಕ್ತಿಯಿದ್ದರೆ ದಡದ ಉದ್ದಕ್ಕೆ ಅಡ್ಡಲಾಗಿ ಈಜಿ ಕಾಲುವೆಯಿಂದ ಹೊರಬಿದ್ದು ಆಮೇಲೆ ದಡಕ್ಕೆ ಬರಬೇಕು. ಗೆಳೆಯನನ್ನು ಹಿಡಿಯಲು ಒಬ್ಬರ ಮೇಲೊಬ್ಬರು ನೀರಿಗೆ ಹಾರಿದರೆ ಒಂದು ಮರಣವು ನಾಲ್ಕಾಗಬಹುದು. ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಿರಿ, ತೀರರಕ್ಷಕರನ್ನೂ ಮೀನುಗಾರರನ್ನೂ ಕೂಗಿರಿ. ರಕ್ಷಕರಿಲ್ಲದ ತೀರದಲ್ಲಿ ಯಾರನ್ನೂ ನೀರಿಗೆ ಇಳಿಸಲೇಬೇಡಿರಿ. ಇರುವ ಕಡೆ ಇಬ್ಬಿಬ್ಬರನ್ನು ಜೊತೆಮಾಡಿ ಇಳಿಸಿ, ನಾಯಕನು ತಾನು ನೀರಾಟಕ್ಕೆ ಹೋಗದೆ ದಡದಲ್ಲಿ ನಿಂತು ತಲೆಗಳನ್ನು ಎಣಿಸುತ್ತಿರಲಿ.

ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ನಾವು ಪೌಲನ ಧೈರ್ಯಕ್ಕಾಗಿ ಓದುವದು ವಾಡಿಕೆ. ಈ ಸಾರಿ ತಪ್ಪು ತೀರ್ಮಾನವು ಹೇಗೆ ಆಯಿತೆಂಬದಕ್ಕಾಗಿ ಓದೋಣ. ಉಪವಾಸದ ದಿನವು ಕಳೆದುಹೋಗಿತ್ತು, ಅಂದರೆ ಪ್ರಯಾಣದ ಕಾಲವು ಮೀರಿತ್ತು. ಪೌಲನು ಎಚ್ಚರಿಸಿದನು. ಆದರೆ ಶತಾಧಿಪತಿಯು ಹಡಗಿನ ನಾವಿಕನನ್ನೂ ಯಜಮಾನನನ್ನೂ ನಂಬಿದನು. ಇದ್ದ ರೇವು ಚಳಿಗಾಲವನ್ನು ಕಳೆಯುವದಕ್ಕೆ ಅನುಕೂಲವಾಗಿರಲಿಲ್ಲ. ಹೆಚ್ಚು ಮಂದಿ ಹೊರಡೋಣವೆಂದರು. ತೆಂಕಣ ಗಾಳಿ ಮೆಲ್ಲಗೆ ಬೀಸಿತು. ಲಾಭವುಳ್ಳವನ ಮಾತು, ಸೌಕರ್ಯದ ಆಶೆ, ಬಹುಮತ, ಒಂದು ಗಳಿಗೆಯ ತಿಳಿಗಾಳಿ, ಈ ನಾಲ್ಕೂ ಕೂಡಿ 276 ಪ್ರಾಣಗಳನ್ನು ಬಿರುಗಾಳಿಗೆ ಒಪ್ಪಿಸಿದವು. ನಮ್ಮ ತೀರದ ಪಾಳೆಯಗಳಲ್ಲಿ ಇವು ಇಲ್ಲವೋ? ದೋಣಿಯವನು ಬಾಡಿಗೆಗಾಗಿ ಬನ್ನಿರೆನ್ನುತ್ತಾನೆ, ಅಷ್ಟು ದೂರ ಬಂದು ನೀರು ಮುಟ್ಟದೆ ಹೋಗುವದೋ ಎಂದು ಹುಡುಗರು ಕೇಳುತ್ತಾರೆ, ಬಿಸಿಲು ಚೆನ್ನಾಗಿದೆ. ಇಂಥಾ ಹೊತ್ತಿನಲ್ಲಿ, “ಇಂದು ಬೇಡ” ಎಂದು ಹೇಳಿ ಸಂಜೆಯ ವರೆಗೆ ಎಲ್ಲರ ಮುನಿಸನ್ನು ಹೊರುವವನೇ ತೀರದ ನಾಯಕ. ಸಭಾಕಾರ್ಯಗಳನ್ನು ಕೈಯೆತ್ತಿಸಿ ತೀರ್ಮಾನಿಸುವದು ಒಳ್ಳೇದೇ. ಆದರೆ ಕಡಲಿನ ಮುಂದೆ ಓಟು ಹಾಕಿಸಕೂಡದು.

ಕಾಲವನ್ನು ಕುರಿತು ಒಂದು ಮಾತು. ಕರ್ನಾಟಕದ ತೀರದಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಮೀನುಗಳ ಸಂತಾನಕ್ಕಾಗಿ ಮಾಡಿದ ಕಟ್ಟಳೆಯಾದರೂ ಆ ದಿನಗಳಲ್ಲಿ ಕಡಲೂ ಕೆರಳಿರುತ್ತದೆ. ಕಡಲಿನಲ್ಲಿಯೇ ಹುಟ್ಟಿ ಬೆಳೆದವರು ದೋಣಿಯನ್ನು ದಡಕ್ಕೆ ಎಳೆದಿಟ್ಟಿರುವಾಗ ಹುಲಗೂರಿನವರಿಗೆ ಅಲ್ಲಿ ಏನು ಕೆಲಸ? ಆಗ ಘಟ್ಟವೂ ಕ್ಷೇಮವಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ತಳ್ಳಿತು. ಬೇಡ್ತಿಯಾಗಿ ಹರಿದುಹೋದ ಅದೇ ಹೊಳೆ. ತೀರದ ಪಾಳೆಯಕ್ಕೆ ನವೆಂಬರಿನಿಂದ ಫೆಬ್ರವರಿಯ ವರೆಗಿನ ಕಾಲವು ತಕ್ಕದ್ದೆಂದು ನಮ್ಮ ಅಭಿಪ್ರಾಯ. ಆದರೂ ಮೇಲೆ ಹೇಳಿದ ಮರಣಗಳು ಆದದ್ದು ಆ ತಿಂಗಳುಗಳಲ್ಲಿಯೇ ಎಂಬದನ್ನು ಮರೆಯಬಾರದು.

ಹಾಗಾದರೆ ದೇವಾಲಯದ ಅಂಗಳಕ್ಕೆ ಕೆಲಸವಿಲ್ಲವೋ? ಅಲ್ಲಿಯೇ ಮೊದಲನೆಯ ಕೆಲಸ. ಕಳುಹಿಸುವ ಮುಂಚೆ ಒಂದು ರಾತ್ರಿ ಅಂಗಳದಲ್ಲಿ ಮಲಗಿಸಿ, ತಮ್ಮ ಅಡಿಗೆಯನ್ನು ತಾವೇ ಮಾಡಿಸಿರಿ. ಪಾಳೆಯದ ಹೊರಗೆ ಗುದ್ದಲಿಯಿಂದ ಅಗೆದು ಮುಚ್ಚಬೇಕೆಂದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯವು ಹೇಳುವದನ್ನು ನಾಚಿಕೆಯಿಲ್ಲದೆ ಓದಿ ಕಲಿಸಿರಿ. ಬೆಳಗಿನ ತಂಪಿನಲ್ಲಿ ಶಿಗ್ಗಾಂವಿಯ ದಾರಿಯಲ್ಲಿ ಸಾಲಾಗಿ ನಡೆಯಿಸಿ, ಕಡೆಯವನನ್ನು ಗಂಟೆಗೊಮ್ಮೆ ಬದಲಾಯಿಸಿರಿ. ಹೆಣ್ಣುಮಕ್ಕಳನ್ನು ಅಡಿಗೆಗೆ ಮಾತ್ರ ನಿಲ್ಲಿಸಬೇಡಿರಿ. ಕೆಂಪು ಸಮುದ್ರದ ದಡದಲ್ಲಿ ಸ್ತ್ರೀಯರನ್ನು ನಡೆಯಿಸಿದವಳು ಮಿರ್ಯಾಮಳಲ್ಲವೇ? ಅವರು ದೂರದ ಪಾಳೆಯಕ್ಕೆ ಹೋಗುವಾಗ ತಂದೆತಾಯಿಗಳು ಬಲ್ಲ ಅಕ್ಕನೊಬ್ಬಳು ಜೊತೆಯಲ್ಲಿರಬೇಕು. ಘಟ್ಟದ ಅನೇಕ ಕಡೆ ಮೊಬೈಲಿಗೆ ಸಿಗ್ನಲ್ ಸಿಕ್ಕುವದಿಲ್ಲವಾದದರಿಂದ, ಯಾವ ದಿನ ಎಲ್ಲಿರುವರೆಂಬದನ್ನು ಕಾಗದದ ಮೇಲೆ ಬರೆದು ಸಭೆಯ ಹಿರಿಯರ ಕೈಯಲ್ಲಿ ಕೊಟ್ಟು ಹೋಗಲಿ.

ಯೌವನಸ್ಥರ ಕೂಟದಲ್ಲಿ ಈ ಪಾಠವನ್ನು ನಡಿಸುವವರು ಹೀಗೆ ವಿಚಾರಿಸಬಹುದು. ಯಾಕೋಬನು ಅಣ್ಣನ ಜೊತೆಗೆ ವೇಗವಾಗಿ ನಡೆದಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು? ನಮ್ಮ ಸಭೆಯಲ್ಲಿ ಈಗ ಸಾಲಿನ ಕಡೆಯಲ್ಲಿ ಇರುವವರು ಯಾರು, ಅವರ ಹಿಂದೆ ನಡೆಯುವವರು ಯಾರಾದರೂ ಇದ್ದಾರೋ? ಕೃತ್ಯಗಳ 27ನೆಯ ಅಧ್ಯಾಯದ 30ರಿಂದ 32ನೆಯ ವಚನಗಳಲ್ಲಿ ಚಿಕ್ಕ ದೋಣಿಯನ್ನು ಇಳಿಸಿದವರು ಯಾವ ನೆವ ಹೇಳಿದರು, ಮತ್ತು ಅದರ ಹಗ್ಗಗಳನ್ನು ಕೊಯ್ದುಬಿಟ್ಟವರು ಯಾರು?