ಅಪ್ಪನಿಗೆ ಬೈಪೋಲಾರ್ ಇದ್ದರೂ ನಿಮ್ಮ ನಿದ್ದೆ ನಿಮ್ಮದೇ: ಗೆಲ್ಲುವ ಮಕ್ಕಳಿಗೆ 9 ಸೂತ್ರಗಳು

ನೀವು ಜತ್ತದವರಿರಬಹುದು, ಕಾಗವಾಡದವರಿರಬಹುದು. ಬುಧಗಾಂವದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರಬಹುದು, ಮಿರಜಿನಲ್ಲಿ ಕೆಲಸಕ್ಕಿರಬಹುದು. ಮನೆಯಲ್ಲಿ ಅಪ್ಪನಿಗೋ ಅವ್ವನಿಗೋ ಬೈಪೋಲಾರ್ ಡಿಸಾರ್ಡರ್ ಇದೆ. ಕೆಲವು ವಾರ ಅವರಿಗೆ ನಿದ್ದೆಯೇ ಬೇಡ. ಇನ್ನು ಕೆಲವು ವಾರ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಅಂಥ ಮನೆಯಲ್ಲಿ ಬೆಳೆದು ನಿಮ್ಮ ನಿದ್ದೆಯೂ ಹಳಿ ತಪ್ಪಿದ್ದರೆ ಆಶ್ಚರ್ಯವಿಲ್ಲ. ಅದನ್ನು ಸರಿಪಡಿಸಬಹುದು. ಇವತ್ತೇ ಶುರು ಮಾಡಿ.

1. ಲೆಕ್ಕ ತಿಳಿದುಕೊಳ್ಳಿ, ಅಂಜಿಕೆ ಬಿಡಿ.
"ನನಗೂ ಬರುತ್ತದೇನೋ" ಎಂದು ದಿನವೂ ಯೋಚಿಸುವುದು ಒಂದು ಚಟ. ತಂದೆ ಅಥವಾ ತಾಯಿಗೆ ಬೈಪೋಲಾರ್ ಇದ್ದರೆ ನೂರು ಮಕ್ಕಳಲ್ಲಿ ಸುಮಾರು 5ರಿಂದ 10 ಮಕ್ಕಳಿಗೆ ಅದು ಬರಬಹುದು. ಉಳಿದ 90ಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ಖಿನ್ನತೆ, ಆತಂಕದ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು ಎಂಬುದೂ ನಿಜ. ಅದಕ್ಕೇ ನಿದ್ದೆಯನ್ನು ಕಾಯಬೇಕು. ವಂಶವಾಹಿ ನಿಮ್ಮ ಕೈಯಲ್ಲಿಲ್ಲ, ಅಲಾರ್ಮ್ ಇದೆ.

2. ಏಳುವ ಸಮಯ ಫಿಕ್ಸ್ ಮಾಡಿ.
ಮಲಗುವ ಸಮಯದಿಂದ ಶುರು ಮಾಡಬೇಡಿ. ನಿದ್ದೆ ಕರೆದಾಗ ಬರುವುದಿಲ್ಲ. ಏಳುವುದು ಮಾತ್ರ ನಿಮ್ಮ ನಿರ್ಧಾರ. ಮಿದುಳಿನ ಹೈಪೋಥಾಲಮಸ್‌ನಲ್ಲಿ ಸುಮಾರು 20,000 ನರಕೋಶಗಳ ಒಂದು ಚಿಕ್ಕ ಗುಂಪಿದೆ. ದೇಹದ ಗಡಿಯಾರ ನಡೆಸುವುದು ಅದೇ. ಹೆಚ್ಚಿನವರಲ್ಲಿ ಅದರ ಸ್ವಂತ ದಿನ 24 ಗಂಟೆಗಿಂತ ತುಸು ಉದ್ದ, ಹಾಗಾಗಿ ಬಿಟ್ಟರೆ ದಿನದಿನವೂ ಹಿಂದೆ ಬೀಳುತ್ತದೆ. ಅದನ್ನು ದಿನವೂ ಸರಿಹೊಂದಿಸುವುದು ಬೆಳಗಿನ ಬೆಳಕು. ಆರಕ್ಕೆ ಏಳುತ್ತೇನೆ ಎಂದರೆ ರವಿವಾರವೂ ಆರಕ್ಕೇ ಏಳಿ. ಎದ್ದ ಕೂಡಲೇ ಅಂಗಳಕ್ಕೋ ಮಾಳಿಗೆಗೋ ಹೋಗಿ ಅರ್ಧ ಗಂಟೆ ಬೆಳಕಿನಲ್ಲಿರಿ. ಹಾಸ್ಟೆಲ್ ರೂಮಿನ ಟ್ಯೂಬ್‌ಲೈಟ್ ಈ ಕೆಲಸ ಮಾಡುವುದಿಲ್ಲ.

3. ದಿನದ ಐದು ಸಮಯ ಬರೆದಿಡಿ.
ಹಾಸಿಗೆ ಬಿಟ್ಟದ್ದು, ಮೊದಲು ಒಬ್ಬರೊಡನೆ ಮಾತಾಡಿದ್ದು, ಕಾಲೇಜು ಅಥವಾ ಕೆಲಸ ಶುರುವಾದದ್ದು, ರಾತ್ರಿ ಊಟ, ಮಲಗಿದ್ದು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಎಲೆನ್ ಫ್ರಾಂಕ್ ಬೈಪೋಲಾರ್ ರೋಗಿಗಳಿಗಾಗಿ ರೂಪಿಸಿದ ಚಿಕಿತ್ಸೆಯಲ್ಲಿ ಈ ಐದನ್ನೇ ದಿನವೂ ಬರೆಸುತ್ತಾರೆ. ದಿನಚರಿ ಸ್ಥಿರವಾದಷ್ಟೂ ರೋಗ ಮರಳಿ ಬರುವುದು ತಡವಾಗುತ್ತದೆ ಎಂದು 2005ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಹಳೆಯ ನೋಟ್‌ಬುಕ್ ಒಂದು ಸಾಕು. ಅಪ್ಪನ ಸಮಯವನ್ನೂ ಪಕ್ಕದಲ್ಲೇ ಬರೆಯಿರಿ. ಒಬ್ಬರಿಗೊಬ್ಬರು ಜೊತೆಯಾದರೆ ಇಬ್ಬರ ದಿನಚರಿಯೂ ಸುಧಾರಿಸಬಹುದು.

4. ನೈಟ್ ಔಟ್ ನಿಲ್ಲಿಸಿ.
ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಎಚ್ಚರವಿದ್ದು ಓದಿದ್ದು ಬೆಳಗ್ಗೆ ಹಾಲ್‌ನಲ್ಲಿ ಸರಿಯಾಗಿ ನೆನಪಾಗುವುದಿಲ್ಲ. ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ನಿಮಗೆ ಇನ್ನೊಂದು ಕಾರಣವೂ ಇದೆ: ಬೈಪೋಲಾರ್‌ಗೆ ಒಲವುಳ್ಳ ದೇಹದಲ್ಲಿ ನಿದ್ದೆಗೇಡು ಮೇನಿಯಾ, ಅಂದರೆ ನಿದ್ದೆಯೇ ಬೇಡವೆನಿಸುವ ವಿಪರೀತ ಹುರುಪಿನ ಹಂತ, ಶುರು ಮಾಡಿಬಿಡಬಲ್ಲದು. ಗೆಳೆಯ ಎರಡು ರಾತ್ರಿ ಎಚ್ಚರವಿದ್ದು ಪಾಸಾದ ಎಂದು ನೀವೂ ಆ ಪಂದ್ಯಕ್ಕೆ ಇಳಿಯಬೇಡಿ. ಮಿರಜಿನ ಗಣಪತಿ ಮೆರವಣಿಗೆ ರಾತ್ರಿಯೆಲ್ಲ ನಡೆಯುತ್ತದೆ. ಹೋಗಿ, ನೋಡಿ, ಹೊತ್ತಿಗೆ ಸರಿಯಾಗಿ ಮನೆಗೆ ಬನ್ನಿ.

5. ರಾತ್ರಿ ನೀರಿನ ಪಾಳಿ ಬದಲಿಸಿ.
ಇದು ನಮ್ಮ ಕಬ್ಬಿನ ಸೀಮೆಯ ಮಾತು. ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುವುದಿಲ್ಲ. ಹೊಲಕ್ಕೆ ಕರೆಂಟ್ ಕೆಲವು ದಿನ ಹಗಲು ಬರುತ್ತದೆ, ಕೆಲವು ದಿನ ರಾತ್ರಿ. ರಾತ್ರಿ ಬಂದರೆ ಅಪ್ಪ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗುತ್ತಾರೆ, ಹಿಂದೆ ಮಗನೂ ಹೋಗುತ್ತಾನೆ. ಬೈಪೋಲಾರ್ ಇರುವವರಿಗೆ ಹೀಗೆ ನಿದ್ದೆ ಕೆಡುವುದು ಅಪಾಯ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾಕಾನನ್ನೋ ಬಾಜೂ ಹೊಲದವರನ್ನೋ ಕೇಳಿ. "ರಾತ್ರಿ ಪಾಳಿ ನೀವು ನೋಡ್ರಿ, ಹಗಲಿಂದು ನಾವು ನೋಡ್ತೀವಿ" ಎನ್ನಿ. ಕೇಳಲು ಸಂಕೋಚ ಬೇಡ. ಇದು ಚಿಕಿತ್ಸೆಯ ಭಾಗ.

6. ಚಹಾ ಸಂಜೆ ನಾಲ್ಕಕ್ಕೆ ಮುಗಿಸಿ, ಮೊಬೈಲ್ ಹತ್ತಕ್ಕೆ.
ಕೆಫೀನ್ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ.

7. ಅಪ್ಪನ ಗುಳಿಗೆ ಮುಟ್ಟಬೇಡಿ.
ಕಪಾಟಿನಲ್ಲಿ ಅವರ ನಿದ್ದೆ ಗುಳಿಗೆ ಇದೆ, ನಿಮಗೆ ನಿದ್ದೆ ಇಲ್ಲ. ಆದರೂ ಒಂದೂ ನುಂಗಬೇಡಿ. ಆ ಔಷಧ, ಆ ಡೋಸ್ ಅವರ ದೇಹಕ್ಕೆ ಬರೆದದ್ದು. ಗಾಂಜಾ, ಎನರ್ಜಿ ಡ್ರಿಂಕ್ ಎರಡೂ ನಿಮಗೆ ಬೇಡ.

8. ನಿದ್ದೆಗೇಡಿನಲ್ಲಿ ಎರಡು ಜಾತಿ, ಗುರುತಿಸಲು ಕಲಿಯಿರಿ.
ನಿದ್ದೆ ಬಾರದೆ ಮರುದಿನ ಸುಸ್ತಾದರೆ ಅದು ಸಾಮಾನ್ಯ ನಿದ್ರಾಹೀನತೆ. ಮೂರೇ ಗಂಟೆ ಮಲಗಿಯೂ ಸುಸ್ತೇ ಇಲ್ಲ, ಮಾತು ಓಡುತ್ತಿದೆ, ತಲೆಯಲ್ಲಿ ಐಡಿಯಾಗಳ ಸಾಲು, ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ, ಹೀಗೇ ನಾಲ್ಕು ದಿನ ಕಳೆದಿದೆ ಎಂದಾದರೆ ಅದನ್ನು ಹುಮ್ಮಸ್ಸು ಎಂದುಕೊಳ್ಳಬೇಡಿ. ತಕ್ಷಣ ಡಾಕ್ಟರಿಗೆ ತೋರಿಸಿ. ತಮ್ಮ-ತಂಗಿಯರ ಮೇಲೂ ಕಣ್ಣಿಡಿ. ಬೈಪೋಲಾರ್ ಇರುವವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಪಿಟ್ಸ್‌ಬರ್ಗ್ ಅಧ್ಯಯನದಲ್ಲಿ, ರಾತ್ರಿ ಪದೇ ಪದೇ ಎಚ್ಚರವಾಗುತ್ತಿದ್ದ ಮಕ್ಕಳಿಗೆ ಮುಂದೆ ರೋಗ ಬರುವ ಸಾಧ್ಯತೆ ಹೆಚ್ಚಿತ್ತು. ಹಾಗೆಂದು ತಡವಾಗಿ ಮಲಗುವ ಎಲ್ಲ ಮಕ್ಕಳಿಗೂ ರೋಗವಿದೆ ಎಂದಲ್ಲ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಸರಿಯುತ್ತದೆ, ಅವರಿಗೆ 8ರಿಂದ 10 ಗಂಟೆ ನಿದ್ದೆಯೂ ಬೇಕು. ಬದಲಾವಣೆ ದಿಢೀರನೆ ಬಂದರೆ ಎಚ್ಚೆತ್ತುಕೊಳ್ಳಿ.

9. ಮರೆಮಾಚಬೇಡಿ, ಕೇಳಿ.
"ಜನ ಏನಂದಾರು" ಎಂಬ ಒಂದೇ ಮಾತಿಗೆ ಎಷ್ಟೋ ಮನೆಗಳಲ್ಲಿ ವರ್ಷಗಳು ಹಾಳಾಗಿವೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೈಪೋಲಾರ್ ಇರುವ ನೂರರಲ್ಲಿ ಸುಮಾರು 70 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹತ್ತಿರದಲ್ಲಿ ಮಿರಜಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಕನ್ನಡದಲ್ಲೇ ಮನಬಿಚ್ಚಿ ಹೇಳಬೇಕೆನ್ನುವವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಿಮ್ಮ ಐದು ಸಮಯದ ನೋಟ್‌ಬುಕ್ ಜೊತೆಗೊಯ್ಯಿರಿ, ಡಾಕ್ಟರಿಗೆ ಅದು ತುಂಬ ಉಪಯೋಗ. ಅಷ್ಟು ದೂರ ಈಗಲೇ ಆಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡ ಮರಾಠಿ ಎರಡೂ ನಡೆಯುತ್ತದೆ. ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ, ಅವ್ವನ ಮೊಬೈಲ್‌ನಲ್ಲೂ ಸೇವ್ ಮಾಡಿ ಕೊಡಿ.