ಕಾರ್ಡಿನ ಮೇಲಿನ ತಾರೀಖು ಓದೋಣ

ನಮ್ಮ ಹೊಸರಿತ್ತಿಯಲ್ಲಿ ಬಹಳ ಮನೆಗಳಲ್ಲಿ ಗಾಡಿ ಇದೆ. ಕೆಲವರ ಮನೆಯಲ್ಲಿ ಬೈಕು, ಕೆಲವರ ಮನೆಯಲ್ಲಿ ಟ್ರ್ಯಾಕ್ಟರು. ಹಾವೇರಿ ಆಸ್ಪತ್ರೆಗೆ ಹೋಗಬೇಕು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯಬೇಕು. ರಾಣೆಬೆನ್ನೂರಿನಿಂದ ಬೀಜ ತರಬೇಕು. ಗಾಡಿ ಓಡಿಸಲು ಲೈಸೆನ್ಸ್ ಬೇಕು. ಆ ಲೈಸೆನ್ಸಿಗೆ ಒಂದು ಅವಧಿ ಇರುತ್ತದೆ.

ಅಕ್ಕ: ನಮ್ಮ ಮನಿಯವರಿಗೆ ಅರವತ್ತಾತು. ಇನ್ನ ಲೈಸೆನ್ಸ್ ಕೊಡೂದಿಲ್ಲಂತ. ಖರೇ ಏನ್ರಿ?

ನಾವು: ಖರೇ ಅಲ್ಲಕ್ಕಾ. ಇಷ್ಟು ವಯಸ್ಸಾದ ಮೇಲೆ ಓಡಿಸಬಾರದು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೆ ಹೊತ್ತಿಗೆ ಸರಿಯಾಗಿ ನವೀಕರಣ ಮಾಡಿಸಬೇಕು. ಕಣ್ಣು ಚೆನ್ನಾಗಿ ಕಾಣಬೇಕು.

ಅವಧಿ ಎಷ್ಟು?

ಮೋಟಾರು ವಾಹನ ಕಾಯ್ದೆ 1988ರದು. 2019ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಸ್ವಂತ ಗಾಡಿಯ ಲೈಸೆನ್ಸಿಗೆ ಈಗಿನ ಲೆಕ್ಕ ಹೀಗಿದೆ:

30ರಿಂದ 50 ವರ್ಷದೊಳಗೆ ಮಾಡಿಸಿದರೆ 10 ವರ್ಷ ನಡೆಯುತ್ತದೆ.
50ರಿಂದ 55ರೊಳಗೆ ಮಾಡಿಸಿದರೆ 60 ತುಂಬುವವರೆಗೆ.
55 ದಾಟಿದವರಿಗೆ ಪ್ರತಿ ಸಲ 5 ವರ್ಷ.

ತಾರೀಖು ಓದುವುದು ಹೇಗೆ?

ಕಾರ್ಡಿನಲ್ಲಿ ಅಕ್ಷರಗಳು ಇಂಗ್ಲಿಷಿನಲ್ಲಿ ಇರುತ್ತವೆ. ಹೆದರುವುದು ಬೇಡ. ಅಂಕಿಗಳು ನಾವು ಕಲಿತವೇ. ಒಂದು ಹುಟ್ಟಿದ ತಾರೀಖು. ಒಂದು ಲೈಸೆನ್ಸ್ ಕೊಟ್ಟ ತಾರೀಖು. ಇನ್ನೊಂದು ಅವಧಿ ಮುಗಿಯುವ ತಾರೀಖು. ಸ್ವಂತ ಗಾಡಿಯ ಲೈಸೆನ್ಸಿನಲ್ಲಿ ಎಲ್ಲಕ್ಕಿಂತ ಮುಂದಿನ ಇಸವಿ ಯಾವುದೋ ಅದೇ ಅವಧಿ ಮುಗಿಯುವ ತಾರೀಖು. ಬಾಡಿಗೆ ಗಾಡಿ ಓಡಿಸುವವರಿಗೆ ಬೇರೆ ಅವಧಿ ಬರೆದಿರುತ್ತದೆ. ಅದನ್ನೂ ಕೇಳಿ ತಿಳಿದುಕೊಳ್ಳಿ.

14-08-2027 ಎಂದು ಇದೆ ಎನ್ನೋಣ. ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ಇಸವಿ. ಅಂದರೆ 2027ನೇ ಇಸವಿ ಆಗಸ್ಟ್ 14. ಈ ತಾರೀಖಿಗೆ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಬಹುದು. ತಾರೀಖು ದಾಟಿ ಒಂದು ವರ್ಷದವರೆಗೂ ಹಾಕಬಹುದು. ಅದಕ್ಕೂ ತಡವಾದರೆ ಮತ್ತೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆ ಕೊಡಬೇಕು.

ಅಕ್ಕ: ಹಂಗಾದ್ರ ಮುಗಿದ ಮ್ಯಾಲೂ ಒಂದು ವರ್ಷ ಓಡಿಸಬಹುದಲ್ರಿ?

ನಾವು: ಇಲ್ಲಕ್ಕಾ. ಅರ್ಜಿ ಹಾಕಬಹುದು, ಗಾಡಿ ಓಡಿಸುವಂತಿಲ್ಲ. ಮೊದಲು 30 ದಿನ ರಿಯಾಯಿತಿ ಇತ್ತು. 2019ರ ತಿದ್ದುಪಡಿಯಲ್ಲಿ ಅದೂ ಹೋಯಿತು.

ಅವಧಿ ಮುಗಿದ ಕಾರ್ಡು ಇಟ್ಟುಕೊಂಡು ಓಡಿಸಿದರೆ ದಂಡ ಬೀಳುತ್ತದೆ. ಅಪಘಾತವಾದರೆ ಕಷ್ಟ ಇನ್ನೂ ದೊಡ್ಡದು. ವಿಮೆ ಕಂಪನಿಯವರು ತಕರಾರು ತೆಗೆಯಬಹುದು. ಪರಿಹಾರದ ಹಣ ಗಾಡಿ ಮಾಲೀಕರ ತಲೆಯ ಮೇಲೆ ಬರಬಹುದು. ಆಗ ಹೊಲ ಅಡ ಇಡಬೇಕಾದೀತು. ಮನೆಗೆ ಬಂದ ಕಷ್ಟ ನಮಗೂ ಬಂದಂತೆ. ಆದ್ದರಿಂದ ತಾರೀಖು ನೋಡುವ ಕೆಲಸ ನಮ್ಮದೂ ಹೌದು.

ಕಣ್ಣಿನ ಪರೀಕ್ಷೆ

40 ವರ್ಷ ದಾಟಿದವರು ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ನಮೂನೆ 1ಎ ಎನ್ನುತ್ತಾರೆ. ಅರ್ಜಿ ಕಂಪ್ಯೂಟರಿನಲ್ಲಿ ತುಂಬಬೇಕು. ನಮ್ಮ ಊರಿನವರಿಗೆ ಹಾವೇರಿಯ ಆರ್.ಟಿ.ಒ. ಆಫೀಸು. ಕಟ್ಟಿದ ಹಣಕ್ಕೆ ರಶೀದಿ ಕೇಳಿ ಪಡೆಯಿರಿ.

ಆಫೀಸಿಗೆ ಹೋಗುವ ಮೊದಲು ಮನೆಯ ಮುಂದೆಯೇ ಕಣ್ಣು ನೋಡಿಕೊಳ್ಳಬಹುದು. ಹಗಲಿನಲ್ಲಿ ಒಂದು ಕಾರು ನಿಲ್ಲಿಸಿ. ಅಲ್ಲಿಂದ 25 ಮೀಟರ್, ಅಂದರೆ ಸುಮಾರು 82 ಅಡಿ ದೂರ ನಿಲ್ಲಿ. ಚಾಳೀಸು ಇದ್ದರೆ ಹಾಕಿಕೊಳ್ಳಿ. ಒಂದೊಂದೇ ಕಣ್ಣು ಮುಚ್ಚಿ ನಂಬರ್ ಪ್ಲೇಟ್ ಓದಿ. ಕಾಣದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಬಂದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಪರೇಷನ್ ಮಾಡುತ್ತಾರೆ. ಕಣ್ಣು ಸರಿಹೋಗುವ ತನಕ ಗಾಡಿ ಮುಟ್ಟುವುದು ಬೇಡ. ಇದರಲ್ಲಿ ನಾಚಿಕೆ ಏನಿಲ್ಲ. ಎದುರಿಗೆ ಬರುವ ಮಗುವಿನ ಜೀವ ದೊಡ್ಡದು.

ಲೈಸೆನ್ಸ್ ಗಂಡಸರದಷ್ಟೇ ಅಲ್ಲ

ಕೇರಳದ ಕೊಚ್ಚಿಯ ರಾಧಾಮಣಿ ಅಮ್ಮ 1988ರಲ್ಲಿ ದೊಡ್ಡ ವಾಹನ ಓಡಿಸುವ ಲೈಸೆನ್ಸ್ ಪಡೆದರು. 70 ದಾಟಿದ ಮೇಲೂ ಕ್ರೇನ್ ಮೊದಲಾದ ದೊಡ್ಡ ಯಂತ್ರಗಳ ಲೈಸೆನ್ಸ್ ಉಳಿಸಿಕೊಂಡಿದ್ದಾರೆ. ಸ್ವಂತ ಸ್ಕೂಟರಿನ ಲೈಸೆನ್ಸಿಗೆ ಶಾಲೆಯ ಸರ್ಟಿಫಿಕೇಟು ಬೇಕೇ ಬೇಕು ಎಂಬ ನಿಯಮ ಇಲ್ಲ. ನಮ್ಮಲ್ಲಿ ಯಾರಿಗೆ ಆಸೆ ಇದೆಯೋ ಅವರೂ ಕಲಿಯಬಹುದು.

ಮಾಡಿ ನೋಡೋಣ

1. ಮನೆಯಲ್ಲಿರುವ ಲೈಸೆನ್ಸ್ ತೆಗೆಯಿರಿ. ಅವಧಿ ಮುಗಿಯುವ ತಾರೀಖನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.
2. ಒಬ್ಬರಿಗೆ ಈಗ 57 ವರ್ಷ. ಇಂದು ನವೀಕರಣ ಮಾಡಿಸಿದರೆ ಮತ್ತೆ ಯಾವ ವಯಸ್ಸಿನಲ್ಲಿ ಮಾಡಿಸಬೇಕು?
3. ಆ ತಾರೀಖಿಗೆ ಮೂರು ತಿಂಗಳು ಮೊದಲಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.